ಚೆಂಡೆ ಅಡ್ಡಿಲ್ಲ, ಹಗಲಿಗೆ ಎಂತ?

ಅಂಕೋಲೆಯಲ್ಲಿ ಮದುವೆ ಮಾತು ಬಂತೆಂದರೆ ಜಾತಕಕ್ಕಿಂತ ಮೊದಲು ಕೇಳುವುದು ಹುಡುಗನ ನೌಕರಿ. ಕೈಗಾ ಅಣುಸ್ಥಾವರ ಎಂದರೆ ಚಹಾದ ಜೊತೆ ಚಕ್ಕುಲಿ ಬರುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆ ಎಂದರೆ ಚಕ್ಕುಲಿಯ ಪಕ್ಕ ಗೋಡಂಬಿಯೂ. "ನಮ್ಮವ ಯಕ್ಷಗಾನಕ್ಕೆ ಚೆಂಡೆ ಬಾರಿಸ್ತಾನೆ" ಎಂದು ಹೇಳಿ ನೋಡಿ. "ಅಡ್ಡಿಲ್ಲ, ರಾತ್ರಿಯದಾಯ್ತು. ಹಗಲಿಗೆ ಎಂತ ಮಾಡ್ತಾನೆ?" ಚಹಾ ಬರುತ್ತದೆ, ಸಕ್ಕರೆ ಕಡಿಮೆ.

ಕಾಲೇಜು ಸಮಾರಂಭಗಳಲ್ಲಿ ಭಾಷಣಕಾರರು "ಮನಸ್ಸಿಗೆ ಹಿಡಿಸಿದ್ದನ್ನೇ ಮಾಡಿ, ದುಡ್ಡು ತಾನಾಗಿ ಬರುತ್ತದೆ" ಎನ್ನುತ್ತಾರೆ. ತಮ್ಮ ಗೌರವಧನದ ಲಕೋಟೆ ಬಂತೋ ಇಲ್ಲವೋ ಎಂದು ಮಾತ್ರ ಎರಡು ಸಲ ವಿಚಾರಿಸುತ್ತಾರೆ. ಉದಾಹರಣೆಗೆ ಗಿಡ ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರನ್ನು ಎಳೆದು ತರುವುದೂ ಉಂಟು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಹಾಲಕ್ಕಿ ಸಮುದಾಯದ ಅಜ್ಜಿ ಅವರು. ಆದರೆ ಚಿಕ್ಕಂದಿನಲ್ಲಿ ಅವ್ವನ ಬೆನ್ನಿಗೆ ಗಿಡಗಳ ನರ್ಸರಿಗೆ ಹೋದದ್ದು ದಿನಗೂಲಿಗೆ, ಹೊಟ್ಟೆಪಾಡಿಗೆ. ತಾಯಿಮರ ಯಾವುದು, ಅದರ ಬೀಜ ಯಾವಾಗ ಆರಿಸಬೇಕು ಎಂಬ ಹುಚ್ಚು ಹತ್ತಿದ್ದು ಮಣ್ಣು ಮುಟ್ಟಿದ ಮೇಲೆ. ಕೂಲಿ ಮೊದಲು, ಪ್ರೀತಿ ಆಮೇಲೆ. ನಮ್ಮ ಅಜ್ಜ-ಅಜ್ಜಿಯರ ಸಂಸಾರವೂ ಹೀಗೇ ನಡೆದದ್ದಲ್ಲವೇ!

ಪಕ್ಕದ ಗೋಕರ್ಣದ ಜಯಂತ ಕಾಯ್ಕಿಣಿಯವರಂತೂ ಜೀವರಸಾಯನಶಾಸ್ತ್ರ ಓದಿ, ಮುಂಬಯಿಯ ಔಷಧ ಕಂಪನಿಯಲ್ಲಿ ದುಡಿಯುತ್ತಲೇ ಕತೆ ಬರೆದರು. ಇದನ್ನೆಲ್ಲ ಸೋದರಳಿಯನಿಗೆ ಬಿಡಿಸಿ ಹೇಳಿದೆ. ಅವನು ಚೆಂಡೆಯ ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡು, ತುಂಬ ಯೋಚಿಸಿ ಕೇಳಿದ: "ಮಾವ, ಆ ಕಂಪನೀಲಿ ರಾತ್ರಿಪಾಳಿ ಇಲ್ಲ ಅಲ್ದಾ?"