ಟೈಟಣ್ಣ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ, ಬಾಣಲೆಯಲ್ಲಿ ಕಡಲೆಕಾಯಿ ಹುರಿದಂಥ ಸದ್ದು ಹಿಂದಿನಿಂದ ಬಂದರೆ ತಿರುಗಿ ನೋಡಬೇಕಾಗಿಲ್ಲ. ಅದು ನಮ್ಮ ಟೈಟಣ್ಣನ ಸ್ಪ್ಲೆಂಡರ್ ಬೈಕು. ಮನೆಯವರಿಟ್ಟ ಹೆಸರು ಬೇರೆ. ಇದು ಎರಡೂ ಊರಿನ ಮೆಕ್ಯಾನಿಕ್ಕುಗಳು ಇಟ್ಟದ್ದು. ಗ್ಯಾರೇಜಿಗೆ ಬಂದವನ ಬಾಯಲ್ಲಿ ಒಂದೇ ಮಾತು: “ಚೈನ ಒಸಿ ಟೈಟ್ ಮಾಡ್ಬುಡಪ್ಪ.”

ಚೈನಿನ ಕೆಳಗಿನ ಎಳೆಯನ್ನು ನಡುಮಧ್ಯೆ ಬೆರಳಿಂದ ಎತ್ತಿದರೆ ಎರಡು-ಮೂರು ಸೆಂಟಿಮೀಟರ್ ಆಡಬೇಕು. ಟೈಟಣ್ಣನದು ಪಂಚಮಿ ಜೋಕಾಲಿ. ಚೈನು ಎಳೆದುಕೊಂಡಿದೆ ಅನ್ನುತ್ತೇವೆ, ಆದರೆ ಅದೇನು ರಬ್ಬರಲ್ಲ. ಒಂದೊಂದು ಕೊಂಡಿಯೊಳಗೂ ಪಿನ್ನು, ಬುಷ್ಷು ಕೂದಲೆಳೆಯಷ್ಟು ಸವೆಯುತ್ತವೆ. ನೂರು ಕೊಂಡಿಯ ಕೂದಲೆಳೆ ಸೇರಿದರೆ ಬೆರಳಗಲ. ಸಡಿಲವನ್ನು ಬಿಗಿ ಮಾಡಬಹುದು, ಸವೆತವನ್ನು ಬಿಗಿ ಮಾಡಲಾಗದು.

ಎಣ್ಣೆಯ ವಿಷಯದಲ್ಲಿ ಮಾತ್ರ ಟೈಟಣ್ಣ ಧಾರಾಳಿ. ಚೈನಿಗೆ ಹಾಕುವ ತೊಂಬತ್ತು ನಂಬರಿನ ಗೇರ್ ಆಯಿಲ್ ಕೊಳ್ಳುವುದಿಲ್ಲ. ಬೇರೆಯವರ ಬೈಕಿನಿಂದ ಬಸಿದ ಕಪ್ಪು ಎಂಜಿನ್ ಆಯಿಲನ್ನು ಪುಕ್ಕಟೆ ತಂದು ಅಭಿಷೇಕ ಮಾಡುತ್ತಾನೆ. ಅದರ ಮೇಲೆ ಕರಿಕಲ್ಲು ಲಾರಿಗಳ ದೂಳು ಕೂತರೆ ಸಾಣೆಗೆ ಬೇರೇನೂ ಬೇಡ.

ಒಮ್ಮೆ ಮೆಕ್ಯಾನಿಕ್ಕು ಚೈನ್ ಕವರ್ ಬಿಚ್ಚಿ ಹಿಂದಿನ ಸ್ಪ್ರಾಕೆಟ್ ತೋರಿಸಿದ. ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿ ಕುಡುಗೋಲಾಗಿದ್ದವು.

“ಅಡ್ಜಸ್ಟರ್ ಕೊನೆ ಮುಟ್ಟದ ಕಣಣ್ಣ. ಚೈನು, ಎರಡು ಸ್ಪ್ರಾಕೆಟ್ಟು, ಮೂರೂ ಒಟ್ಗೇ ಹಾಕ್ಬೇಕು.”

“ಚೈನ್ ಒಂದ್ ಹಾಕು. ಹಲ್ಗೇನಾಗದ? ನಮ್ಮವ್ವನ ಹಲ್ಗಿಂತ ಚೆನ್ನಾಗವ. ಚೆಂಡುಹೂವಿನ ದುಡ್ಡು ಬರ್ಲಿ, ನೋಡುಮ.”

ಬಂಡೀಪುರ ಕಾಡುರಸ್ತೆಯ ಗೇಟು ರಾತ್ರಿ 9ಕ್ಕೆ ಮುಚ್ಚಿದರೂ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಟೈಟಣ್ಣನ ಪರ್ಸಿಗೆ ಅಂಥ ವೇಳಾಪಟ್ಟಿಯಿಲ್ಲ. ಹೂವು ಕೊಯ್ದಾಯಿತು, ಅದನ್ನು ಕೊಳ್ಳುವ ಕೇರಳದವರ ಓಣಂ ಮುಗಿಯಿತು, ಹಲ್ಲು ಹಾಗೇ ಇತ್ತು. ಸವೆದ ಹಲ್ಲಿನ ಮೇಲೆ ಹೊಸ ಚೈನು ಸರಿಯಾಗಿ ಕೂರುವುದಿಲ್ಲ. ಯುಗಾದಿಗೆ ಹಾಕಿಸಿದ್ದು ದೀಪಾವಳಿಗೆಲ್ಲ ಮುದಿಯಾಯಿತು.

ಚಾಮರಾಜನಗರಕ್ಕೆ ಕಾಲಿಟ್ಟರೆ ಮುಖ್ಯಮಂತ್ರಿಗಳ ಕುರ್ಚಿ ಕಳಚುತ್ತದೆ ಎಂಬ ಮೂಢನಂಬಿಕೆ ಬಹುಕಾಲ ಇತ್ತು. ಟೈಟಣ್ಣನಿಗೆ ಕಳಚಿದ್ದು ಚೈನು, ಅದೂ ಊರು ತಲುಪುವ ಮೊದಲೇ. ಹೆಂಡತಿ ಟೊಮೆಟೊ ಬುಟ್ಟಿ ಹೊತ್ತು ಮುಂದೆ, ಇವನು ಬೈಕು ತಳ್ಳುತ್ತ ಹಿಂದೆ. ಎರಡು ಮೈಲಿ ಉದ್ದಕ್ಕೂ ಆಕೆ ಆಡಿದ ಮಾತುಗಳಿಗೆ ಮಾತ್ರ ಯಾವ ಸಡಿಲವೂ ಇರಲಿಲ್ಲ.

ಅವತ್ತು ಮೂರೂ ಹೊಸದಾಗಿ ಬಂದವು. ಸದ್ದಡಗಿದ ಬೈಕನ್ನು ಕಂಡು ಟೈಟಣ್ಣನಿಗೇ ಅನುಮಾನ: “ಎಂಜಿನ್ ಓಡ್ತಾದ ತಾನೇ?”

ದುಡ್ಡು ಎಣಿಸಿ ಕೊಟ್ಟು, ಹೊರಡುವ ಮುಂಚೆ ತಿರುಗಿ ಅಂದ: “ಹಳೇ ಚೈನ ಎಸೀಬ್ಯಾಡ, ಇಲ್ ಕೊಡು.”

ಈಗದು ಅವನ ತೋಟದ ಗೇಟಿಗೆ ಬೀಗದ ಸರಪಳಿ. ಅದೂ ಸಡಿಲವಾಗಿದೆ, ಪಕ್ಕದ ಮನೆಯ ಮೇಕೆ ನುಸುಳಿ ಹೋಗುತ್ತಿದೆ.