ಮೂವತ್ತು ದಿನದ ಇಂಗ್ಲಿಷು

ತಾಂಡ್ಯ ಕೈಗಾರಿಕಾ ಪ್ರದೇಶದ ಟೀ ಅಂಗಡಿ. ಮಾವನ ಕೈಲಿ ಬೀಡಿ; ಅಳಿಯನ ಕೈಲಿ ಇಂಗ್ಲಿಷ್ ಪುಸ್ತಕ, ಗುರುತಿಗೆ ನಂಜನಗೂಡಿನ ಬಸ್ ಟಿಕೇಟು.

“ಎಷ್ಟನೇ ದಿನಕ್ಕೆ ಬಂದ್ಯಲಾ?”

“ಹನ್ನೊಂದು, ಮಾವ. ‘ಸಾರಿ’ ಮುಗೀತು.”

“ಎಷ್ಟು ಸಾರಿ?”

“ಗೇಟಿಂದ ಮಿಷನ್‌ವರ್ಗೂ ಹತ್ತು ಸಾರಿ ಸಾರಿ.”

“ನಿನ್ನೆ ಯಾಕ ಬೇಗ ಬಂದ್ಬುಟ್ಟೆ?”

“ದೊಡ್ಡಜಾತ್ರೆ, ಐದು ತೇರು ಎಳೀತಾರೆ, ‘ಲೀವ್’ ಅಂದೆ. ಸಾಹೇಬ್ರೂ ‘ಲೀವ್!’ ಅಂದ್ರು.”

“ರಜ ಕೊಟ್ರಾ, ಕೆಲಸದಿಂದ ಕಳಿಸಿದ್ರಾ?”

“ಆ ಪಾಠ ಇಪ್ಪತ್ತನೇ ದಿನಕ್ಕದೆ.”

“ಬೀಗ್ತಾ ಹೇಳ್ತೀಯಲ್ಲೋ! ನಿನ್ ಜೊತೆ ಕೆಲಸಕ್ಕೆ ಒಡಿಶಾ ಹುಡುಗ ಇದ್ನಲ್ಲ, ಅವನ್ನ ಕೇಳ್ಬೇಕಿತ್ತು.”

“ಅವ್ನಿಗೆಲ್ಲಿ ಇಂಗ್ಲಿಷು? ಬರೀ ಕನ್ನಡ ಕಲ್ತವ್ನೆ, ಪಾಪ.”

“ಸಾಹೇಬ್ರು ಯಾವ ದೇಶದೋರು?”

“ನಮ್ ಟಿ. ನರಸೀಪುರದೋರೇ.”

“ಅವ್ರದು ಎಷ್ಟನೇ ದಿನ?”

“ಹನ್ನೆರಡು.”