ಬಸಪ್ಪ ಬಿನ್ ಸಿದ್ದಪ್ಪ

ಮೊಮ್ಮಗ ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದರೆ ಉಳಿದವರು ಮಗು ಎಷ್ಟು ತೂಕ, ಬಾಣಂತಿ ಹೇಗಿದ್ದಾಳೆ ಎಂದು ಕೇಳುತ್ತಾರೆ. ಹೊನ್ನಾಳಿ ಸೀಮೆಯ ಹೆಸರಿನಜ್ಜ ಮಾತ್ರ "ಬಂದ್ಯಾ? ಬಾರಪ್ಪ ಬಸಪ್ಪ" ಎಂದು ಫೋನಿಗೇ ಕೈ ಮುಗಿಯುತ್ತಾರೆ. ಅಲ್ಲಿಗೆ ನಾಮಕರಣ ಮುಗಿಯಿತೆಂದೇ ಅವರ ಲೆಕ್ಕ. ಇಂಥವರು ನಮ್ಮಲ್ಲಿ ಓಣಿಗೊಬ್ಬರು. ನಾನು ಹೇಳುತ್ತಿರುವವರು ಹಿರೇಕಲ್ಮಠದ ಕಡೆ ಹೋಗುವ ದಾರಿಯಲ್ಲಿ ಜಗುಲಿ ಮೇಲೆ ಕೂತು, ಹೋಗಿ ಬರುವವರಿಗೆಲ್ಲ "ಯಾರ ಮೊಮ್ಮಗಲೇ ನೀನು?" ಎಂದು ಕೇಳುವವರು. ಹೆಸರು ಬಸಪ್ಪ ಅಂತಲೇ ಇಟ್ಟುಕೊಳ್ಳಿ.

ಬಸಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಬಸಪ್ಪ. ಎರಡೇ ಹೆಸರಿನಲ್ಲಿ ಇವರ ವಂಶ ಇಲ್ಲಿಯವರೆಗೆ ನಡೆದು ಬಂದಿದೆ. ಇದಕ್ಕೆ ಅಜ್ಜ ಚರಿತ್ರೆಯ ಆಧಾರವನ್ನೂ ಕೊಡುತ್ತಾರೆ. "ಕೆಳದಿ ಸಂಸ್ಥಾನ ತಗೋ. ಸೋಮಶೇಖರ ನಾಯಕ. ಚೆನ್ನಮ್ಮಾಜಿ ಆದ್ಮೇಲೆ ಬಸಪ್ಪ ನಾಯಕ. ಅವನ ಮಗ ಮತ್ತೆ ಸೋಮಶೇಖರ. ಆಮೇಲೆ ಮತ್ತೆ ಬಸಪ್ಪ!" ಆ ಮೊದಲ ಬಸಪ್ಪ ದತ್ತುಮಗ ಎಂಬುದನ್ನು ಅವರು ಹೇಳುವುದಿಲ್ಲ. ಕೆಳದಿಗೆ ಬಗ್ಗದವರಿಗೆ ಸಿನಿಮಾದ ಸಾಕ್ಷಿ ಬರುತ್ತದೆ. ಶಿವರಾಜ್‌ಕುಮಾರ್ ಹುಟ್ಟುಹೆಸರು ನಾಗರಾಜು ಶಿವ ಪುಟ್ಟಸ್ವಾಮಿ, ಅಜ್ಜ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. "ಅಣ್ಣಾವ್ರೇ ಅಪ್ಪನ ಹೆಸರು ಬಿಡಲಿಲ್ಲ, ನಾವ್ಯಾರು ಬಿಡಾಕೆ?"

ಆದರೆ ಅಸಲು ಆಧಾರ ಇರುವುದು ಪಹಣಿಯಲ್ಲಿ. ಇವರ ಅಜ್ಜ ಬಸಪ್ಪ ಬಿನ್ ಸಿದ್ದಪ್ಪ. ಇವರೂ ಬಸಪ್ಪ ಬಿನ್ ಸಿದ್ದಪ್ಪ. ನಡುವಿನ ಸಿದ್ದಪ್ಪನವರು ಪೌತಿ ಖಾತೆಗೆಂದು ತಾಲ್ಲೂಕು ಕಚೇರಿಯ ಮೆಟ್ಟಿಲನ್ನೇ ತುಳಿಯಲಿಲ್ಲ. ಯಾಕೆ ತುಳಿಯಬೇಕು? ಅಜ್ಜ ತೀರಿಕೊಂಡರೂ ಪಹಣಿಯ ಮಟ್ಟಿಗೆ ಜೀವಂತವಾಗಿದ್ದರು, ಕಂದಾಯ ಕಟ್ಟುತ್ತಿದ್ದರು, ಮೊಮ್ಮಗನ ಕೈಯಿಂದ ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಸಹಿಯನ್ನೂ ಹಾಕುತ್ತಿದ್ದರು. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗಲೂ ದೊಡ್ಡಜ್ಜ ಅಲ್ಲಾಡಲಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದಾಗಲೇ ಗ್ರಾಮ ಆಡಳಿತಾಧಿಕಾರಿ ಹಳೆ ದಾಖಲೆ ತಿರುವಿ ಹಾಕಿ, "ಅಜ್ಜಾರೆ, ಈ ಜಮೀನಿನ ಕ್ರಯಪತ್ರ ಆದಾಗ ನಿಮಗೆ ವಯಸ್ಸೆಷ್ಟು?" ಎಂದು ಕೇಳಿದ್ದು. ಲೆಕ್ಕ ಹಾಕಿದರೆ ಹುಟ್ಟುವುದಕ್ಕೆ ಹನ್ನೆರಡು ವರ್ಷ ಬಾಕಿ ಇತ್ತು.

"ನಮ್ಮ ವಂಶದಾಗೆ ಮುಂದಾಲೋಚನೆ ಜಾಸ್ತಿ" ಎಂದರಂತೆ ಅಜ್ಜ.

ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಹಿರಿಯರು ಕಣ್ಮುಚ್ಚಿದ ಮೇಲೆ ಅವರೇ ಮಗುವಾಗಿ ಬಂದರೆಂದು ಹೆಸರಿಡುವುದು ರೂಢಿ. ಬದುಕಿರುವವರ ಹೆಸರಿಡಲು ಅನೇಕ ಮನೆಗಳಲ್ಲಿ ಹಿಂಜರಿಯುತ್ತಾರೆ. ಬಸಪ್ಪಜ್ಜ ಗಟ್ಟಿಮುಟ್ಟಾಗಿದ್ದಾರೆ, ಈಗಲೂ ಮೆಕ್ಕೆಜೋಳದ ಹೊಲಕ್ಕೆ ನಡೆದೇ ಹೋಗುತ್ತಾರೆ. ಹಾಗಾಗಿ ತಮ್ಮ ಹೆಸರಿಗೆ ತಾವೇ ಅಡ್ಡ ನಿಂತಂತಾಯಿತು. ಬೀಗರು ನ್ಯಾಮತಿಯವರು, ಮೆತ್ತಗೆ ಈ ಮಾತೆತ್ತಿದರು. ಅಜ್ಜ ಕಣ್ಣು ಮಿಟುಕಿಸದೆ ಹೇಳಿದರು: "ನಾನೆಲ್ಲಿ ನನ್ನ ಹೆಸರು ಇಡ್ತಿದೀನಿ ಬೀಗ್ರೆ? ಇದು ನಮ್ಮಜ್ಜನ ಹೆಸರು." ಇಂಥ ಉತ್ತರಕ್ಕೆ ಯಾವ ಬೀಗರೂ ಏನೂ ಹೇಳಲಾರರು.

ಹೇಳಬಲ್ಲವಳು ಸೊಸೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಸುರಿಯಾಗಿದ್ದಾಗಲೇ ವಿಹಾನ್ ಎಂದು ಹೆಸರು ಗೊತ್ತು ಮಾಡಿಕೊಂಡಿದ್ದಾಳೆ. ಅಜ್ಜನಿಗೆ ಅದು ಯಾರೋ ಕೆಮ್ಮಿದಂತೆ ಕೇಳಿಸಿತು. ಮಗ ಸಿದ್ದೇಶ ಎಂದಿನಂತೆ ಚಾರ್ಜರ್ ಹುಡುಕುತ್ತ ಒಳಗೆ ಹೋದ. (ಶಾಲೆಗೆ ಸೇರಿಸುವಾಗ ಮೇಷ್ಟ್ರು ಸಿದ್ದಪ್ಪನನ್ನು ಸಿದ್ದೇಶ ಮಾಡಿದ್ದರು. ಆ ಗಾಯ ಅಜ್ಜನಿಗೆ ಇನ್ನೂ ಮಾಗಿಲ್ಲ.)

ಜಗಳ ಬೇಗ ಮುಗಿಯಬಹುದಿತ್ತು, ಕಾನೂನೇ ಅದನ್ನು ಬೆಳೆಸಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ಬರೆಸಬೇಕು. ಹೆಸರನ್ನು ಮಾತ್ರ ಖಾಲಿ ಬಿಟ್ಟು, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಇದು ಅಜ್ಜನ ಕಿವಿಗೆ ಬಿದ್ದದ್ದೇ ತಡ, ಮೆಕ್ಕೆಜೋಳಕ್ಕೆ ರೇಟು ಕಾಯುವವರಂತೆ ಕೂತುಬಿಟ್ಟರು. ಅಲ್ಲಿಯವರೆಗೆ ಮಗು ಅಮ್ಮನಿಗೆ ವಿಹಾನ್, ಅಜ್ಜನಿಗೆ ಬಸಪ್ಪ, ಪ್ರಮಾಣಪತ್ರಕ್ಕೆ ಏನೂ ಅಲ್ಲ.

ಸೊಸೆ ಒಂದು ದಿನ ಅಜ್ಜನ ಅಸ್ತ್ರವನ್ನೇ ಎತ್ತಿಕೊಂಡಳು. "ಮಾವಾರೆ, ರಾಜರ ಮಾತಾಡ್ತೀರಲ್ಲ, ಮೈಸೂರು ಅರಮನೆಯಾಗೇ ಈಗ ಚಾಮರಾಜ, ಕೃಷ್ಣರಾಜ ಬಿಟ್ಟು ಆದ್ಯವೀರ ಅಂತ ಇಟ್ಟಾರೆ."

"ಪೂರ್ತಿ ಓದವ್ವ."

ಪೂರ್ತಿ ಓದಿದರೆ ಆದ್ಯವೀರ ನರಸಿಂಹರಾಜ ಒಡೆಯರ್. ಎರಡನೇ ಮಗನ ಹೆಸರು 2025ರಲ್ಲಿ ಹೊರಬಿತ್ತು: ಯುಗಾಧ್ಯಕ್ಷ ಕೃಷ್ಣರಾಜ ಚಾಮರಾಜ ಒಡೆಯರ್. ಮುಂದೆ ಹೊಸತು, ಹಿಂದೆ ಅಜ್ಜಂದಿರು. ಸೊಸೆ ಮೊಬೈಲು ಕೆಳಗಿಟ್ಟಳು. ಅಜ್ಜನೂ ಗೆದ್ದೆನೆಂದು ಹಿಗ್ಗಲಿಲ್ಲ, ಅಷ್ಟು ಜಾಣರು. ವಿಹಾನ್ ಬಸಪ್ಪ ಎಂದು ಒಪ್ಪಂದವಾಯಿತು. ಶಾಲೆಯ ಅರ್ಜಿಯಲ್ಲಿ ಕೊನೆಯ ಹೆಸರನ್ನೇ ಮನೆತನದ ಹೆಸರೆಂದು ಬರೆದುಕೊಳ್ಳುತ್ತಾರೆ, ಬೆಂಗಳೂರಿನ ಮಿಸ್ಸು ಮುಂದೊಂದು ದಿನ "ಬಸಪ್ಪಾ" ಎಂದೇ ಕೂಗಿಯಾಳು ಎಂಬುದನ್ನು ಅಜ್ಜ ಎಲ್ಲಿಂದಲೋ ತಿಳಿದುಕೊಂಡಿದ್ದರು. ಅದನ್ನು ಅವರು ಹೇಳಲಿಲ್ಲ.

ತೊಟ್ಟಿಲ ದಿನ ಸೋದರತ್ತೆ ಮಗುವಿನ ಕಿವಿಗೆ ವೀಳ್ಯದೆಲೆ ಹಿಡಿದು "ಕುರ್ರ್... ವಿಹಾನ್" ಎಂದಳು. ಹೆಂಗಸರ ಗುದ್ದು ಬೆನ್ನಿಗೆ ಬಿತ್ತು. "ಕುರ್ರ್... ಬಸಪ್ಪ" ಎಂದಾಗ ಇನ್ನೊಂದು ಸುತ್ತು. ಎರಡು ಹೆಸರಿನ ಖರ್ಚು ಬಿದ್ದದ್ದು ಪಾಪ ಅವಳ ಬೆನ್ನಿಗೆ.

ಇಷ್ಟೆಲ್ಲ ನಡೆಯುವಾಗ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಮದುವೆಯಾದಾಗಿನಿಂದ ಒಡಪಿನಲ್ಲಿ ಬಿಟ್ಟರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು. ಮೊಮ್ಮಗನನ್ನು ಹೇಗೆ ಕರೆಯುತ್ತಾರೆ? ಹಳೆ ಕಾಲದ ಅತ್ತೆ ಸೊಸೆಯರು ಇಂಥ ಮಕ್ಕಳನ್ನು 'ಅಪ್ಪಾಜಿ', 'ಯಜಮಾನ' ಎಂದು ಕರೆದು ಪಾರಾಗುತ್ತಿದ್ದರು. ಈ ಅಜ್ಜಿಗೆ ಪಾರಾಗುವ ಆಸೆಯೇ ಇದ್ದಂತಿರಲಿಲ್ಲ. ಮಾರನೇ ಬೆಳಿಗ್ಗೆ ಪಡಸಾಲೆಯಿಂದ ಓಣಿಗೆಲ್ಲ ಕೇಳುವ ಹಾಗೆ ಕೂಗು ಬಂತು:

"ಏ ಬಸ್ಯಾ! ತಿನ್ನೋದು, ಮಲಗೋದು, ಹಾಸಿಗೆ ಹೊಲಸು ಮಾಡೋದು, ಇಷ್ಟೇ ಆತು ನಿಂದು! ಒಂದು ದಿನಾನಾರ ನನ್ನ ಮಾತು ಕೇಳಿಯೇನೋ?"

ಜಗುಲಿ ಮೇಲಿದ್ದ ಅಜ್ಜ ಪೇಪರ್ ಮಡಿಸಿಟ್ಟು, "ಯಾರಿಗೇ ಅದು?" ಎಂದರು.

"ನಿಮ್ಮಜ್ಜಗೆ!" ಎಂದಿತು ಒಳಗಿನ ದನಿ.